ಮೊಟ್ಟೆಯೊಡೆದ ಮೀನುಮರಿಗೆ ಎಂತ ಹಾಕುವುದು? ಕಾಸರಗೋಡಿನ ಮನೆಗಳಿಗೆ ಐದು ಜೀವಂತ ಆಹಾರಗಳ ಹೋಲಿಕೆ

"ಮಾವ, ಫೈಟರ್ ಮೀನಿನ ಮೊಟ್ಟೆ ಒಡೆದಿದೆ. ಮರಿಗೆ ಎಂತ ಹಾಕುವುದು?"

ಪಕ್ಕದ ಮನೆಯ ಹುಡುಗ ಅಂಗಳದಲ್ಲಿ ನಿಂತೇ ಕೇಳಿದ. ಏನಾದರೂ ಬೆಳೆಸಿ ಇಟ್ಟಿದ್ದೀಯಾ ಅಂತ ಕೇಳಿದೆ. "ಇಲ್ಲ, ಡಬ್ಬಿಯಲ್ಲಿ ಪುಡಿ ಉಂಟು" ಅಂದ. ನನಗೆ ನನ್ನ ಮೊದಲ ಮರಿಗಳು ನೆನಪಾದವು. ಇನ್ನೂರರಷ್ಟು ಇದ್ದವು. ಯಾರೋ ಹೇಳಿದರು ಅಂತ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕಿದ್ದೆ. ಎರಡನೇ ದಿನ ನೀರು ಮಜ್ಜಿಗೆಯ ಹಾಗಾಯಿತು. ನಾಲ್ಕನೇ ದಿನ ತೊಟ್ಟಿಯಲ್ಲಿ ಒಂದು ಮರಿಯೂ ಇರಲಿಲ್ಲ.

ಆಗ ತಾನೇ ಈಜಲು ಕಲಿತ ಮರಿ ಕಣ್ಣೆದುರು ಅಲುಗಾಡುವುದನ್ನು ಹಿಡಿಯುತ್ತದೆ. ಸುಮ್ನೆ ತೇಲುವ ಪುಡಿ ಅದಕ್ಕೆ ಕಸ ಇದ್ದ ಹಾಗೆ. ತಿನ್ನದೆ ಉಳಿದ ಪುಡಿ ತಳದಲ್ಲಿ ಕೊಳೆಯುತ್ತದೆ. ಜೀವಂತ ಆಹಾರವಾದರೆ ತಿನ್ನುವವರೆಗೆ ನೀರಿನಲ್ಲಿ ಓಡಾಡುತ್ತಾ ಇರುತ್ತದೆ. ಇಷ್ಟು ಎಲ್ಲರೂ ಒಪ್ಪುತ್ತಾರೆ. ಯಾವ ಜೀವಂತ ಆಹಾರ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು.

ನಮ್ಮ ಮನೆ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ. ನೀರು ಸುರಂಗದ್ದು, ಅಂದರೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯದ್ದು. ಮಳೆಗಾಲದಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಏಪ್ರಿಲ್ ಸೆಕೆಗೆ ಗೋಡೆಯೂ ಬೆವರುತ್ತದೆ. ಚಳಿ ದೇಶದವರು ಬರೆದ ವಿಧಾನಗಳನ್ನು ಇಲ್ಲಿ ಹಾಗೇ ಮಾಡಹೊರಟು ನಾನು ಬೇಕಾದಷ್ಟು ಕೈ ಸುಟ್ಟುಕೊಂಡಿದ್ದೇನೆ. ಹಾಗಾಗಿ ಈ ಹೋಲಿಕೆ ಮುಖ್ಯವಾಗಿ ನಮ್ಮಂಥ ಮನೆಗಳಿಗೆ: ಕೆಂಪು ಮುರಕಲ್ಲಿನ ನೆಲ, ಲವಣ ಕಡಿಮೆ ಇರುವ ಮೆದು ನೀರು, ಸೆಕೆ, ಮಳೆ, ಇರುವೆ. ಹೋಲಿಸುವ ಐದು ಇವು: ಕೆರೆನೀರಿನ ಏಕಕೋಶ ಜೀವಿಗಳಾದ ಇನ್ಫ್ಯೂಸೋರಿಯಾ, ವಿನೆಗರ್ ಈಲ್ ಮತ್ತು ಮೈಕ್ರೋವರ್ಮ್ ಅನ್ನುವ ಎರಡು ಸಣ್ಣ ಹುಳ, ಉಪ್ಪುನೀರಿನ ಸಣ್ಣ ಸೀಗಡಿ ಆರ್ಟೀಮಿಯಾ, ಸಿಹಿನೀರಿನ ಸಣ್ಣ ಚಿಪ್ಪುಜೀವಿ ಮೊಯಿನಾ.

ಮೊದಲು ಬಾಯಿಯ ಅಳತೆ

ಆಹಾರದಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ಆಮೇಲೆ ನೋಡೋಣ. ಬಾಯಿಗೆ ಹೋಗದಿದ್ದರೆ ಎಷ್ಟು ಪ್ರೋಟೀನ್ ಇದ್ದು ಏನು ಪ್ರಯೋಜನ? ಇಲ್ಲಿ ಅಳತೆ ಎಲ್ಲ ಮೈಕ್ರಾನ್ ಲೆಕ್ಕ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್.

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಆ ಮರಿಗಳು ಹುಟ್ಟುವಾಗಲೇ 6ರಿಂದ 8 ಮಿಲಿಮೀಟರ್ ಇರುತ್ತವೆ. ಹುಟ್ಟಿದ ದಿನವೇ ಬಾಯಿ ಹಾಕುತ್ತವೆ. ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಏಂಜೆಲ್ ಮತ್ತು ಗೋಲ್ಡ್ ಫಿಶ್ ಮರಿಗಳು ಮಧ್ಯಮ ಗಾತ್ರದವು. ಈಜಲು ಶುರು ಮಾಡಿದ ಮೇಲೆ ಆಗಷ್ಟೇ ಒಡೆದ ಆರ್ಟೀಮಿಯಾವನ್ನು ನೇರ ತಿನ್ನಬಲ್ಲವು. ಫೈಟರ್ ಮರಿ ಇನ್ನೂ ಸಣ್ಣದು. ಜೀಬ್ರಾ ಡಾನಿಯೋ ಅದಕ್ಕಿಂತ ಕಷ್ಟ. ಗೌರಾಮಿ ಮರಿಗಳಂತೂ ನೀರಿನಲ್ಲಿ ಬಿದ್ದ ಕಣ್ರೆಪ್ಪೆಯ ತುಂಡಿನ ಹಾಗೆ ಇರುತ್ತವೆ. ಅದರಲ್ಲೂ ಡ್ವಾರ್ಫ್ ಗೌರಾಮಿ. ಅವಕ್ಕೆ ಆರ್ಟೀಮಿಯಾ ಹಾಕಿದರೆ ಬೆಕ್ಕಿನ ಮರಿಯ ಮುಂದೆ ಇಡೀ ತೆಂಗಿನಕಾಯಿ ಇಟ್ಟ ಹಾಗೆ.

ಇನ್ನೊಂದು ಮಾತು. ಮೊಟ್ಟೆ ಒಡೆದ ಕೂಡಲೇ ಆಹಾರ ಬೇಡ. ಮರಿಯ ಹೊಟ್ಟೆಯಲ್ಲಿ ಹಳದಿಯ ಚೀಲ ಇರುತ್ತದೆ. ಅದು ಮುಗಿಯುವವರೆಗೆ ಅದೇ ಊಟ. ಫೈಟರ್ ಮೊಟ್ಟೆ ನಮ್ಮ ಸೆಕೆಗೆ ಒಂದೂವರೆ ಎರಡು ದಿನದಲ್ಲಿ ಒಡೆಯುತ್ತದೆ. ಮರಿಗಳು ಆಮೇಲೆ ಎರಡು ಮೂರು ದಿನ ನೊರೆಗೂಡಿನ ಕೆಳಗೆ ಬಾಲ ಕೆಳಗಾಗಿ ನೇತಾಡುತ್ತವೆ. ಬಿದ್ದದ್ದನ್ನು ಅಪ್ಪ ಮೀನು ಬಾಯಲ್ಲಿ ಎತ್ತಿ ಮತ್ತೆ ಗೂಡಿಗೆ ಹಾಕುತ್ತದೆ. ಈ ದಿನಗಳಲ್ಲಿ ಹಾಕಿದ್ದೆಲ್ಲ ನೀರು ಕೆಡಿಸಲು ಮಾತ್ರ. ಮರಿ ಅಡ್ಡವಾಗಿ, ನೆಟ್ಟಗೆ ಈಜಲು ಶುರು ಮಾಡಿದ ದಿನ ಅಪ್ಪನನ್ನು ತೆಗೆಯಿರಿ, ಊಟ ಶುರು ಮಾಡಿ.

ಹುಡುಗನಿಗೆ ಇದೇ ಸಿಕ್ಕಿದ ಅವಕಾಶ. ಮರಿ ಇನ್ನೂ ನೇತಾಡುತ್ತಿದ್ದವು. ಕೈಯಲ್ಲಿ ಎರಡು ದಿನ ಇತ್ತು. ಆದರೆ ಎರಡು ದಿನದಲ್ಲಿ ಶೂನ್ಯದಿಂದ ಬೆಳೆಸಿ ಮುಗಿಸುವಂಥ ಆಹಾರ ಆರ್ಟೀಮಿಯಾ ಒಂದೇ, ಅದು ಫೈಟರ್ ಮರಿಗೆ ಮೊದಲ ದಿನಕ್ಕೆ ದೊಡ್ಡದು. ಹಾಗಾಗಿ ನನ್ನ ವಿನೆಗರ್ ಈಲ್ ಬಾಟಲಿಯಿಂದಲೇ ಕೊಟ್ಟೆ. ಜೋಡಿಯನ್ನು ಒಟ್ಟಿಗೆ ಬಿಡುವ ವಾರ ಮೊದಲೇ ಆಹಾರ ಬೆಳೆಯುತ್ತಾ ಇರಬೇಕು. ಮದುವೆಗೆ ಮೊದಲೇ ಅಕ್ಕಿ ತಂದಿಡುವುದಿಲ್ಲವಾ, ಹಾಗೆ.

ಇನ್ಫ್ಯೂಸೋರಿಯಾ: ಪುಕ್ಕಟೆ, ಆದರೆ ನಂಬುವ ಹಾಗಿಲ್ಲ

ಇದು ಒಂದು ಜೀವಿಯ ಹೆಸರಲ್ಲ. ಕೆರೆಯ ನೀರಿನಲ್ಲಿರುವ ಪ್ಯಾರಾಮೀಸಿಯಂನಂಥ ಏಕಕೋಶ ಜೀವಿಗಳಿಗೆಲ್ಲ ಸೇರಿ ಇಟ್ಟ ಹೆಸರು. ಹೆಚ್ಚಿನವು 50ರಿಂದ 300 ಮೈಕ್ರಾನ್. ಗೌರಾಮಿ ಮರಿಯ ಬಾಯಿಗೂ ಹೋಗುತ್ತವೆ.

ಮಾಡುವುದು ಸುಲಭ. ದೊಡ್ಡ ಗಾಜಿನ ಬಾಟಲಿಗೆ ಹಳೆಯ ಅಕ್ವೇರಿಯಂ ನೀರು ಹಾಕಿ, ಅಂಗೈಯಗಲದ ಬಾಳೆಹಣ್ಣಿನ ಸಿಪ್ಪೆಯೋ ಬೇಯಿಸಿದ ಒಂದು ಹಿಡಿ ಬೈಹುಲ್ಲೋ ಹಾಕಿ ಇಡಿ. ನಾನು ಕದಳಿ ಸಿಪ್ಪೆ ಹಾಕುತ್ತೇನೆ. ನೇಂದ್ರದ ಸಿಪ್ಪೆ ದಪ್ಪ, ಕೊಳೆಯಲು ತಡ. ಬಾಯಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಸಂಸಾರ ಶುರು ಮಾಡುತ್ತದೆ. ಮೊದಲ ಎರಡು ದಿನ ನೀರು ಬೆಳ್ಳಗೆ ಕದಡಿ ನಾರುತ್ತದೆ. ಅದು ಬ್ಯಾಕ್ಟೀರಿಯಾ. ಆಮೇಲೆ ಅವನ್ನು ತಿಂದು ಬೆಳೆಯುವ ಜೀವಿಗಳು ಹೆಚ್ಚಾಗಿ ನೀರು ಮೆಲ್ಲ ತಿಳಿಯಾಗುತ್ತದೆ. ತಿಳಿ ಚಹಾದ ಬಣ್ಣ ಬಂದಾಗ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಬಿಸಿಲ ಕೋಲಿನಲ್ಲಿ ಧೂಳು ಆಡುವ ಹಾಗೆ ಕಂಡರೆ ಸಿಕ್ಕಿತು ಅಂತ ಲೆಕ್ಕ. ನಮ್ಮ ಸೆಕೆಗೆ ನಾಲ್ಕರಿಂದ ಆರು ದಿನ.

ಕದಡಿ ನಾರುವ ಹಂತದಲ್ಲೇ ಮರಿ ತೊಟ್ಟಿಗೆ ಸುರಿದರೆ ಮರಿ ಸಾಯುತ್ತದೆ. ಇಲ್ಲಿ ಆಗುವ ತಪ್ಪು ಇದೊಂದೇ, ಆದರೆ ಎಲ್ಲರೂ ಮಾಡುತ್ತಾರೆ.

ಬೀಜಕ್ಕೆ, ಅಂದರೆ ಬೆಳೆಸಲು ಮೊದಲು ಬಿಡುವ ಒಂದಿಷ್ಟು ಜೀವಿಗಳಿಗೆ, ಮದಕದಿಂದಲೋ ತೋಟದ ಕೆರೆಯಿಂದಲೋ ಒಂದು ಲೋಟ ನೀರು ತರುವವರಿದ್ದಾರೆ. ತರಬಹುದು, ಬಟ್ಟೆಯಲ್ಲಿ ಸೋಸಿ. ಏರೋಪ್ಲೇನ್ ಚಿಟ್ಟೆಯ ಮರಿಹುಳ ಒಂದು ಸೇರಿಕೊಂಡರೆ ಒಂದೇ ರಾತ್ರಿಯಲ್ಲಿ ನಿಮ್ಮ ಮೀನುಮರಿಗಳನ್ನು ಎಣಿಸಿ ಎಣಿಸಿ ತಿನ್ನುತ್ತದೆ. ಇನ್ನೊಂದು ಎಚ್ಚರಿಕೆ ನಮ್ಮ ಕಡೆಯವರಿಗೆ ಮಾತ್ರ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ದಿನಗಳಲ್ಲಿ ತೋಟದ ನೀರು, ಹುಲ್ಲು, ಎಲೆ ಯಾವುದನ್ನೂ ಮುಟ್ಟಬೇಡಿ. ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ. ಮೈಲುತುತ್ತು ತಾಮ್ರದ ಉಪ್ಪು. ಈ ಸಣ್ಣ ಜೀವಿಗಳಿಗೆ, ಅದರಲ್ಲೂ ಮೊಯಿನಾಕ್ಕೆ, ತಾಮ್ರ ಚೂರು ಸಾಕು. ಮೀನಿಗೂ ಒಳ್ಳೆಯದಲ್ಲ, ಮೆದು ನೀರಿನಲ್ಲಿ ಅದರ ವಿಷ ಇನ್ನೂ ಜೋರು. ಒಂದು ಜೂನ್‌ನಲ್ಲಿ ಮದ್ದು ಬಿಟ್ಟ ಮರುದಿನ ಮಾಡಿನ ನೀರು ತೊಟ್ಟಿಕ್ಕಿದ ಟಬ್ಬು ಪೂರ್ತಿ ಖಾಲಿಯಾಯಿತು. ಮದ್ದಿನ ಹನಿ ಗಾಳಿಗೆ ಹಾರಿ ಹಂಚಿನ ಮೇಲೆ ಕೂತಿತ್ತು ಅಂತ ಹೊಳೆದದ್ದು ವಾರ ಕಳೆದ ಮೇಲೆ.

ಇನ್ಫ್ಯೂಸೋರಿಯಾದ ತೊಂದರೆ ಅಂದರೆ ಒಳಗೆ ಎಷ್ಟಿದೆ, ಏನಿದೆ ಅಂತ ಗೊತ್ತಾಗುವುದಿಲ್ಲ. ಒಂದು ಬಾಟಲಿ ತುಂಬಿ ತುಳುಕುತ್ತದೆ, ಅದೇ ದಿನ ಇಟ್ಟ ಇನ್ನೊಂದು ಬರೀ ನಾತ. ಹಾಗಾಗಿ ಎರಡು ದಿನದ ಅಂತರದಲ್ಲಿ ಮೂರು ಬಾಟಲಿ ಇಡಿ. ಫೈಟರಿನವರಿಗೆ ಇನ್ನೊಂದು ಅನುಕೂಲ ಉಂಟು. ಕಡಲ ಬದಿಯಲ್ಲಿ ಸಿಗುವ ಕಾಡುಬಾದಾಮಿಯ ಒಣ ಎಲೆಯನ್ನು ಮೊಟ್ಟೆ ಇಡುವ ತೊಟ್ಟಿಗೆ ಮೊದಲೇ ಹಾಕಿದರೆ, ಎಲೆ ಕೊಳೆಯುತ್ತಾ ಅದರ ಮೈಮೇಲೆ ಈ ಜೀವಿಗಳು ತಾವಾಗಿಯೇ ಬೆಳೆಯುತ್ತವೆ. ಅಷ್ಟೇ ಸಾಕಾಗುವುದಿಲ್ಲ. ಆದರೆ ನೀವು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮರಿಗೆ ಮೇಯಲು ಒಂದಿಷ್ಟು ಹುಲ್ಲುಗಾವಲು ಇದ್ದ ಹಾಗೆ.

ವಿನೆಗರ್ ಈಲ್, ಮೈಕ್ರೋವರ್ಮ್: ಎರಡೂ ಹುಳವೇ, ಸ್ವಭಾವ ಬೇರೆ

ಎರಡೂ ದಾರದ ಎಳೆಯಂಥ ಹುಳಗಳು. ಉದ್ದ ಒಂದೆರಡು ಮಿಲಿಮೀಟರ್. ದಪ್ಪ ಸುಮಾರು 50 ಮೈಕ್ರಾನ್. ದಪ್ಪ ಕಡಿಮೆ ಇರುವುದರಿಂದ ಸಣ್ಣ ಬಾಯಿಯೂ ಶಾವಿಗೆ ಎಳೆದ ಹಾಗೆ ಎಳೆದುಕೊಳ್ಳುತ್ತದೆ. ಸಂತೆಯಲ್ಲಿ ಇಬ್ಬರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ. ಮನೆಗೆ ತಂದ ಮೇಲೆ ಗೊತ್ತಾಗುವುದು.

ಮೈಕ್ರೋವರ್ಮ್ ಬೆಳೆಯುವುದು ಗಂಜಿಯಲ್ಲಿ. ಓಟ್ಸನ್ನು ಗಟ್ಟಿಯಾಗಿ ಬೇಯಿಸಿ, ತಣಿದ ಮೇಲೆ ಡಬ್ಬಿಯಲ್ಲಿ ಬೆರಳು ದಪ್ಪಕ್ಕೆ ಹರಡಿ, ಚಿಟಿಕೆ ಯೀಸ್ಟ್ ಉದುರಿಸಿ, ಒಂದು ಚಮಚ ಹಳೆಯ ಬೀಜ ಹಾಕಿ. ಮುಚ್ಚಳಕ್ಕೆ ಸೂಜಿಯಲ್ಲಿ ತೂತು. ನಾಲ್ಕೈದು ದಿನದಲ್ಲಿ ಹುಳಗಳು ಡಬ್ಬಿಯ ಗೋಡೆ ಹತ್ತುತ್ತವೆ. ಬೆರಳಿನಿಂದ ಒರೆಸಿ ನೀರಿಗೆ ಅದ್ದಿದರೆ ಮುಗಿಯಿತು. ಕರೆಂಟು ಬೇಡ, ಉಪ್ಪು ಬೇಡ, ಕಾಯುವುದು ಬೇಡ. ಓಟ್ಸ್ ಇಲ್ಲದಿದ್ದರೆ ಬ್ರೆಡ್ಡು ಆಗುತ್ತದೆ. ಕುಚ್ಚಲಕ್ಕಿ ಅನ್ನದಲ್ಲಿಯೂ ನೋಡಿದೆ. ನೀರು ಬಿಟ್ಟು ಹುಳಿಯಾಯಿತು, ಅಮ್ಮನ ಕೈಯಿಂದ ಬೈಗುಳವೂ ಸಿಕ್ಕಿತು.

ನೀರಿಗೆ ಹಾಕಿದ ಹುಳ ತಳಕ್ಕೆ ಇಳಿಯುತ್ತದೆ. ತಳದಲ್ಲಿ ಮೇಯುವ ಕೋರಿಡೋರಾಸ್ ಮರಿಗೆ ಹಬ್ಬ. ಮೇಲ್ಗಡೆ ಈಜುವ ಗೌರಾಮಿ ಮರಿಗೆ ಕಣ್ಣಿಗೂ ಬೀಳುವುದಿಲ್ಲ. ಅರ್ಧ ದಿನ ಅಲ್ಲೇ ಹೊರಳಾಡಿ ಸಾಯುತ್ತದೆ, ಆಮೇಲೆ ಕೊಳೆಯುತ್ತದೆ. ಹಾಗಾಗಿ ಮರಳಿಲ್ಲದ ಬರಿ ತಳದ ತೊಟ್ಟಿಯಲ್ಲಿ ಮಾತ್ರ ಕೊಡಿ. ಸೆಕೆ ಇದರ ಇನ್ನೊಂದು ಶತ್ರು. ಡಿಸೆಂಬರಿನಲ್ಲಿ ತಿಂಗಳು ಬಾಳುವ ಡಬ್ಬಿ ಏಪ್ರಿಲಿನಲ್ಲಿ ಹತ್ತು ಹನ್ನೆರಡು ದಿನಕ್ಕೆ ನೀರಾಗಿ ನಾರುತ್ತದೆ. ಇರುವೆ ಬಂದರೆ ಇನ್ನೂ ಬೇಗ. ಡಬ್ಬಿಯನ್ನು ನೀರು ಹಾಕಿದ ತಟ್ಟೆಯ ನಡುವೆ ಇಡುವುದು ನಮ್ಮ ಮನೆಯ ಕ್ರಮ.

ವಿನೆಗರ್ ಈಲ್ ಇದಕ್ಕೆ ಪೂರ್ತಿ ವಿರುದ್ಧ. ಅವಸರ ಇಲ್ಲ. ಆಪಲ್ ಸೈಡರ್ ವಿನೆಗರಿಗೆ ಅಷ್ಟೇ ನೀರು ಸೇರಿಸಿ, ಸೇಬಿನ ಒಂದೆರಡು ತುಂಡು ಹಾಕಿ, ಬೀಜ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಕಪಾಟಿನ ಮೂಲೆಯಲ್ಲಿ ಮರೆತುಬಿಡಿ. ತಿಂಗಳಾದ ಮೇಲೆ ಟಾರ್ಚ್ ಹಿಡಿದರೆ ಒಳಗೆಲ್ಲ ಮಿಣಮಿಣ. ಆಮೇಲೆ ಆರು ತಿಂಗಳು ನೋಡದಿದ್ದರೂ ಬದುಕಿರುತ್ತವೆ. ಅಷ್ಟು ಹುಳಿಯಲ್ಲಿ ಬೇರೆ ಯಾವ ಹುಳವೂ ಬರುವುದಿಲ್ಲ, ಇರುವೆಯೂ ಇಲ್ಲ. ಸೂಕ್ಷ್ಮದರ್ಶಕ ಬಂದ ಹೊಸತರಲ್ಲಿ, 17ನೇ ಶತಮಾನದಲ್ಲಿಯೇ, ಯುರೋಪಿನವರು ವಿನೆಗರಿನಲ್ಲಿ ಇವನ್ನು ಕಂಡು ಬೆಚ್ಚಿದ್ದರು. ಆಗಿನ ವಿನೆಗರ್ ಪೀಪಾಯಿಗಳಲ್ಲಿ ಇವು ಮಾಮೂಲಿ. ಈಗ ಅಂಗಡಿಯ ಬಾಟಲಿ ಸೋಸಿ, ಬಿಸಿ ಮಾಡಿ ಬರುತ್ತದೆ, ಆದ್ದರಿಂದ ಬೀಜವನ್ನು ಮೀನು ಸಾಕುವವರ ಹತ್ತಿರವೇ ಕೇಳಬೇಕು.

ಸಮಸ್ಯೆ ಇರುವುದು ಹುಳವನ್ನು ವಿನೆಗರಿನಿಂದ ಬಿಡಿಸುವುದರಲ್ಲಿ. ಹುಳಿಯ ಸಮೇತ ಸುರಿದರೆ ಮೆದು ನೀರಿನ ತೊಟ್ಟಿ ತಡೆಯುವುದಿಲ್ಲ. ಉದ್ದ ಕೊರಳಿನ ಬಾಟಲಿಗೆ ಕೊರಳಿನವರೆಗೆ ಹುಳವಿರುವ ವಿನೆಗರ್ ಹಾಕಿ. ಅದಕ್ಕೆ ತಾಗುವ ಹಾಗೆ ಫಿಲ್ಟರಿನ ಹತ್ತಿಯನ್ನು ತುರುಕಿ. ಅದರ ಮೇಲೆ ಮೆಲ್ಲ ಒಳ್ಳೆ ನೀರು ಹಾಕಿ. ಕೆಳಗೆ ಗಾಳಿ ಕಡಿಮೆಯಾದ ಹುಳಗಳು ಹತ್ತಿ ದಾಟಿ ಮೇಲಿನ ನೀರಿಗೆ ಬರುತ್ತವೆ. ರಾತ್ರಿ ಇಟ್ಟರೆ ಬೆಳಿಗ್ಗೆ ಪಿಪೆಟ್ಟಿನಲ್ಲಿ ಎಳೆದುಕೊಳ್ಳಬಹುದು. ಹತ್ತು ಮರಿಗೆ ಒಂದು ಬಾಟಲಿ ಸಾಕು. ಇನ್ನೂರು ಮರಿಗೆ ನಾಲ್ಕು ಬಾಟಲಿ ಸಾಲುಗಟ್ಟಿ ನಿಲ್ಲಿಸಬೇಕು. ಅಡಿಗೆಮನೆಯ ಕಟ್ಟೆಯಲ್ಲಿ ಅವನ್ನು ನೋಡಿದ ನನ್ನ ಹೆಂಡತಿ ಏನೂ ಹೇಳಲಿಲ್ಲ, ಬಾಟಲಿಗಳನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು.

ಇಷ್ಟೆಲ್ಲ ಯಾಕೆ ಮಾಡಬೇಕು? ಈ ಹುಳ ಒಳ್ಳೆ ನೀರಿನಲ್ಲಿ ದಿನಗಟ್ಟಲೆ ಬದುಕುತ್ತದೆ, ತಳಕ್ಕೆ ಬೀಳದೆ ನಡುವೆ ಮತ್ತು ಮೇಲೆ ಈಜುತ್ತಾ ಇರುತ್ತದೆ. ಬೆಳಿಗ್ಗೆ ಜಾಸ್ತಿ ಬಿದ್ದರೂ ಸಂಜೆ ನೀರು ಕೆಟ್ಟಿರುವುದಿಲ್ಲ. ಹೊರಗೆ ದುಡಿಯಲು ಹೋಗುವವರಿಗೆ ಇದಕ್ಕಿಂತ ಧೈರ್ಯದ ಆಹಾರ ಇನ್ನೊಂದಿಲ್ಲ. ಪೋಷಕಾಂಶದಲ್ಲಿ ಆರ್ಟೀಮಿಯಾಕ್ಕೆ ಸಾಟಿ ಅಲ್ಲ. ಇದರಲ್ಲಿಯೇ ತಿಂಗಳು ದೂಡಿದರೆ ಮರಿ ಬದುಕುತ್ತದೆ, ಬೆಳೆಯುವುದು ನಿಧಾನ. ನನ್ನ ಮಟ್ಟಿಗೆ ಮೊದಲ ಐದಾರು ದಿನಕ್ಕೆ ಇದೇ ಸೈ. ಇನ್ಫ್ಯೂಸೋರಿಯಾ ಕೈಕೊಟ್ಟ ದಿನ ಕಾಪಾಡಿದ್ದೂ ಇದೇ.

ಆರ್ಟೀಮಿಯಾ: ರಾಜ ಹೌದು, ಮಳೆಗಾಲದಲ್ಲಿ ಅಲ್ಲ

ಉಪ್ಪಿನ ಸರೋವರಗಳ ಸಣ್ಣ ಸೀಗಡಿ ಇದು. ಬ್ರೈನ್ ಶ್ರಿಂಪ್ ಅಂತಲೂ ಹೇಳುತ್ತಾರೆ. ಇದರ ಮೊಟ್ಟೆ ಒಣಗಿ ವರ್ಷಗಟ್ಟಲೆ ಸುಮ್ನೆ ಬಿದ್ದಿರಬಲ್ಲದು, ಉಪ್ಪುನೀರು ಸಿಕ್ಕಿದ ಮರುದಿನ ಒಡೆಯುತ್ತದೆ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕಿನದು ಹೆಸರುವಾಸಿ. 1930ರ ದಶಕದಲ್ಲಿ ಮೀನುಮರಿಗೆ ಇದು ಒಳ್ಳೆಯದು ಅಂತ ಗೊತ್ತಾದ ಮೇಲೆ ಮರಿ ಮಾಡಿಸುವ ಕೆಲಸವೇ ಬದಲಾಯಿತು. ಒಂದು ಗ್ರಾಂ ಮೊಟ್ಟೆಯಲ್ಲಿ ಎರಡು ಲಕ್ಷಕ್ಕೂ ಮೇಲೆ ಜೀವ ಇರುತ್ತದೆ. ಒಡೆದ ಮರಿ 400ರಿಂದ 500 ಮೈಕ್ರಾನ್.

ತಿಂದ ಮೀನುಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬುತ್ತದೆ. ತಿಂದಿದೆಯೋ ಇಲ್ಲವೋ ಅಂತ ಊಹಿಸಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ಒಂದು ವಾರದಲ್ಲಿ ಬರುವ ಬೆಳವಣಿಗೆ ಬೇರೆ ಯಾವುದರಲ್ಲಿಯೂ ಬರುವುದಿಲ್ಲ. ಇದನ್ನು ನಾನು ವಾದ ಮಾಡದೆ ಒಪ್ಪುತ್ತೇನೆ.

ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು. ಮೊಟ್ಟೆ ಕಾಲು ಚಮಚ. ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸಿದ ಬಾಟಲಿ, ಕೆಳಗಿನಿಂದ ಏರ್ ಪಂಪಿನ ಗಾಳಿ, ಮೇಲೆ ಒಂದು ಬಲ್ಬಿನ ಬೆಳಕು. 28 ಡಿಗ್ರಿ ಇದ್ದರೆ 24 ಗಂಟೆ. ನಮ್ಮಲ್ಲಿ ಬಿಸಿ ಮಾಡುವ ಪಂಚಾತಿಗೆ ಇಲ್ಲ. ಆದರೆ ನಮ್ಮದೇ ಒಂದು ತೊಡಕು ಉಂಟು. ಸುರಂಗದ ನೀರು ಮುರಕಲ್ಲಿನಿಂದ ಸೋಸಿ ಬರುವುದು. ಮೆದು, ಸ್ವಲ್ಪ ಆಮ್ಲದ ಕಡೆಗೆ. ಆರ್ಟೀಮಿಯಾಕ್ಕೆ ಬೇಕಾದದ್ದು ಪಿಎಚ್ 8ರ ಮೇಲೆ. ನನ್ನ ಮೊದಲ ನಾಲ್ಕು ಪ್ರಯತ್ನದಲ್ಲಿ ಅರ್ಧವೂ ಒಡೆಯಲಿಲ್ಲ. ಕೊನೆಗೆ ಅರ್ಧ ಚಮಚ ಅಡಿಗೆ ಸೋಡಾ ಸೇರಿಸಿದೆ. ಬಾಟಲಿಯೇ ಕಿತ್ತಳೆ ಬಣ್ಣಕ್ಕೆ ತಿರುಗಿತು. ಕುಂಬಳೆ, ಮಂಜೇಶ್ವರ ಕಡೆಯ ಕಡಲ ಬದಿಯವರಿಗೆ ಇನ್ನೂ ಸುಲಭ. ಕ್ಯಾನಿನಲ್ಲಿ ಕಡಲ ನೀರು ತಂದು, ಮೂರು ಪಾಲಿಗೆ ಒಂದು ಪಾಲು ಒಳ್ಳೆ ನೀರು ಸೇರಿಸಿದರೆ ಆಯಿತು. ಹೊಳೆಬಾಯಿಯಿಂದ ದೂರ ಹೋಗಿ ತುಂಬಿಸಿ. ಮಳೆಗಾಲದಲ್ಲಿ ಅಲ್ಲಿ ಉಪ್ಪೇ ಇರುವುದಿಲ್ಲ.

ಒಡೆದ ಮೇಲೆ ಗಾಳಿ ನಿಲ್ಲಿಸಿ, ಕೆಳಗಡೆ ಒಂದು ಬದಿಗೆ ಬೆಳಕು ಹಿಡಿಯಿರಿ. ಮರಿಗಳು ಬೆಳಕಿಗೆ ಮುತ್ತುತ್ತವೆ, ಖಾಲಿ ಚಿಪ್ಪು ಮೇಲೆ ತೇಲುತ್ತದೆ. ಸಣ್ಣ ಕೊಳವೆಯಿಂದ ಮರಿಗಳನ್ನು ಎಳೆದು, ಬಟ್ಟೆಯಲ್ಲಿ ಸೋಸಿ, ಒಳ್ಳೆ ನೀರಿನಲ್ಲಿ ತೊಳೆದು ಕೊಡಿ. ಚಿಪ್ಪು ಬಾಯಿಗೆ ಹೋದರೆ ಮೀನುಮರಿಯ ಹೊಟ್ಟೆ ಕಟ್ಟಬಹುದು. ತಡ ಮಾಡಬೇಡಿ. ಆರ್ಟೀಮಿಯಾ ಮರಿಯ ಮೈಯಲ್ಲೂ ಹಳದಿಯ ಬುತ್ತಿ ಇರುತ್ತದೆ. ಗಂಟೆ ಕಳೆದಂತೆ ಅದು ಕರಗುತ್ತದೆ. ಹಿಂದಿನ ದಿನ ಒಡೆದದ್ದನ್ನು ಇವತ್ತು ಸಂಜೆ ಕೊಟ್ಟರೆ ಸಾರ ತೆಗೆದ ಚರಟ ಕೊಟ್ಟ ಹಾಗೆ.

ಇನ್ನು ಇದರ ಮೂರು ಕಿರಿಕಿರಿ. ಒಂದು, ಸಿಹಿನೀರಿನಲ್ಲಿ ಇದು ಕೆಲವೇ ಗಂಟೆ ಬದುಕುತ್ತದೆ. ಐದು ನಿಮಿಷದಲ್ಲಿ ತಿಂದು ಮುಗಿಯುವಷ್ಟು, ದಿನಕ್ಕೆ ಮೂರು ನಾಲ್ಕು ಸಲ ಹಾಕಬೇಕು. ಎರಡು, ಮೊಟ್ಟೆಯ ಗುಣ. ಪೇಟೆಯ ಒಂದು ಅಂಗಡಿಯಿಂದ ಸಣ್ಣ ಪ್ಯಾಕೆಟ್ ತಂದಿದ್ದೆ. ಡಬ್ಬಿ ಒಡೆದು ಬಿಡಿ ತುಂಬಿಸಿ ಮಾರಿದ್ದು. ನೂರಕ್ಕೆ ಐದೂ ಒಡೆಯಲಿಲ್ಲ. ತೇವ ತಾಗಿದ ಮೊಟ್ಟೆ ಕೆಟ್ಟ ಹಾಗೇ, ನಮ್ಮ ಜುಲೈ ಗಾಳಿಯಲ್ಲಿ ತೇವವಲ್ಲದೆ ಇನ್ನೇನಿದೆ? ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಮೂರನೆಯದು ಕರೆಂಟು. ಬಾಟಲಿಗೆ ಗಾಳಿ ನಿಂತರೆ ಮೊಟ್ಟೆ ತಳಕ್ಕೆ ಕೂತು ಉಸಿರು ಕಟ್ಟುತ್ತದೆ. ಮರ ಬಿದ್ದು ತಂತಿ ಕಡಿದರೆ ನಮ್ಮಲ್ಲಿ ಎರಡು ದಿನ ಕತ್ತಲೆ. ಬ್ಯಾಟರಿ ಪಂಪು ಇದ್ದವರು ಮಳೆಗಾಲದಲ್ಲಿಯೂ ಮಾಡಲಿ. ನಾನು ಮಾಡುವುದಿಲ್ಲ.

ಮೊಯಿನಾ: ಟಬ್ಬಿನಲ್ಲಿ ಕೃಷಿ

ನೀರಿನಲ್ಲಿ ನೆಗೆಯುವ ಸಣ್ಣ ಚಿಪ್ಪುಜೀವಿ ಡಾಫ್ನಿಯಾದ ತಂಗಿ ಅನ್ನಬಹುದು. ಡಾಫ್ನಿಯಾ ದೊಡ್ಡದು, ತಣ್ಣಗಿನ ನೀರು ಇಷ್ಟ. ನಮ್ಮ ಸೆಕೆಗೆ ಸೊರಗುತ್ತದೆ. ಮೊಯಿನಾ ಸೆಕೆಯನ್ನು, ಗಾಳಿ ಕಡಿಮೆ ಇರುವ ನೀರನ್ನು ಸಹಿಸುತ್ತದೆ. ಗಾಳಿ ಕಡಿಮೆಯಾದರೆ ಮೈ ಕೆಂಪಾಗುತ್ತದೆ, ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನೇ ಅದಕ್ಕೆ ಕಾರಣ. ಆಗ ತಾನೇ ಹುಟ್ಟಿದ ಮೊಯಿನಾ ಸುಮಾರು ಆರ್ಟೀಮಿಯಾ ಮರಿಯ ಗಾತ್ರ, ಬೆಳೆದದ್ದು ಒಂದು ಮಿಲಿಮೀಟರ್ ದಾಟುತ್ತದೆ. ಹಾಗಾಗಿ ಗಪ್ಪಿ ಮರಿಗೆ ಮೊದಲ ದಿನದಿಂದ, ಏಂಜೆಲ್ ಮರಿಗೆ ವಾರದ ಮೇಲೆ, ಫೈಟರ್ ಮರಿಗೆ ಎರಡು ವಾರದ ಮೇಲೆ. ಸಣ್ಣ ಮರಿಗೆ ಕೊಡುವಾಗ ತೆಳು ಬಟ್ಟೆಯಲ್ಲಿ ಸೋಸಿ ದೊಡ್ಡದನ್ನು ಬೇರೆ ಮಾಡಿ.

ದೊಡ್ಡ ಲಾಭ: ಇದು ಸಿಹಿನೀರಿನದೇ ಜೀವಿ. ಮೀನಿನ ತೊಟ್ಟಿಯಲ್ಲಿ ತಿನ್ನುವವರೆಗೆ ಬದುಕುತ್ತದೆ. ಇನ್ನೊಂದು, ಬೀಜ ಒಮ್ಮೆ ಸಿಕ್ಕಿದರೆ ಮತ್ತೆ ದುಡ್ಡು ಬೇಡ. ಗಂಡಿಲ್ಲದೆಯೇ ಹೆಣ್ಣು ಮರಿ ಹಾಕುತ್ತಾ ಹೋಗುತ್ತದೆ. ಹುಟ್ಟಿದ ನಾಲ್ಕೈದು ದಿನಕ್ಕೆ ತಾನೇ ತಾಯಿ, ಆಮೇಲೆ ಎರಡು ದಿನಕ್ಕೊಮ್ಮೆ ಹೆರಿಗೆ. ನೀರು ಕೆಟ್ಟು ಕಷ್ಟಕಾಲ ಬಂದಾಗ ಮಾತ್ರ ಗಂಡು ಹುಟ್ಟುತ್ತವೆ, ಒಣಗಿಯೂ ಉಳಿಯುವ ಗಟ್ಟಿ ಮೊಟ್ಟೆ ಇಡುತ್ತವೆ. ಒಣಗಿದ ಗದ್ದೆಯ ಹೊಂಡದಲ್ಲಿ ಮೊದಲ ಮಳೆಗೆ ಇವು ಎಲ್ಲಿಂದ ಬಂದವು ಅಂತ ಆಶ್ಚರ್ಯಪಡುತ್ತೇವಲ್ಲ, ಹೀಗೆ.

50 ಲೀಟರಿನ ಟಬ್ಬು. ಹಳೆಯ ಅಕ್ವೇರಿಯಂ ನೀರು ತುಂಬಿಸಿ, ಹಟ್ಟಿಯ ಒಂದು ಹಿಡಿ ಒಣ ಸೆಗಣಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು, ವಾರ ಬಿಸಿಲಿಗೆ ಇಡಿ. ನೀರು ಹಸಿರಾದ ಮೇಲೆ ನೆರಳಿಗೆ ತಂದು ಬೀಜ ಬಿಡಿ. ಮೆದು ನೀರಿನಲ್ಲಿ ಇದರ ಚಿಪ್ಪು ಗಟ್ಟಿಯಾಗುವುದಿಲ್ಲ. ಸಾರಿಗೆ ತಂದ ಮರುವಾಯಿಯ ಖಾಲಿ ಚಿಪ್ಪನ್ನು ತೊಳೆದು ಒಂದು ಹಿಡಿ ಟಬ್ಬಿನ ತಳಕ್ಕೆ ಹಾಕುತ್ತೇನೆ. ಚಿಪ್ಪು ತಿನ್ನದ ಮನೆಯವರು ಸುಣ್ಣದ ಕಲ್ಲಿನ ಚೂರು ಹಾಕಬಹುದು. ಹಸಿರು ತೆಳುವಾದ ಹಾಗೆ ಚಿಟಿಕೆ ಯೀಸ್ಟನ್ನು ನೀರಿನಲ್ಲಿ ಕದಡಿ ಕೊಡಿ. ನೀರು ತಿಳಿಯಾಗುವ ಮೊದಲು ಮತ್ತೆ ಹಾಕಬೇಡಿ. ಟಬ್ಬು ಸತ್ತದ್ದೆಲ್ಲ ಹಸಿವಿಗಿಂತ ಜಾಸ್ತಿ ಯೀಸ್ಟಿನಿಂದಲೇ.

ಇವತ್ತು ಕೆಂಪು ಮೋಡದ ಹಾಗೆ ಕಾಣುವ ಟಬ್ಬು ನಾಳೆ ಬೆಳಿಗ್ಗೆ ಖಾಲಿ ಇರಬಹುದು. ಕಾರಣ ಹುಡುಕುತ್ತಾ ಕೂರುವುದಕ್ಕಿಂತ ಎರಡು ಟಬ್ಬು ಇಡುವುದು ಲೇಸು. ದಿನಕ್ಕೆ ಕಾಲು ಭಾಗದಷ್ಟು ತೆಗೆಯುತ್ತಾ ಇರಿ, ತೆಗೆದಷ್ಟೂ ಬೆಳೆಯುತ್ತದೆ. ಟಬ್ಬಿನ ಬಾಯಿಗೆ ಸೊಳ್ಳೆಪರದೆ ಕಡ್ಡಾಯ. ಡೆಂಗಿ ಕಾಲದಲ್ಲಿ ರಬ್ಬರ್ ಚಿಪ್ಪು, ಅಡಿಕೆ ಹಾಳೆ ಎಲ್ಲ ಮಗುಚಿ ಹಾಕಿ ಅಂತ ಆರೋಗ್ಯ ಇಲಾಖೆಯವರು ಮನೆಮನೆಗೆ ಬರುತ್ತಾರೆ. ಅವರ ಎದುರು ಹಸಿರು ನೀರಿನ ತೆರೆದ ಟಬ್ಬು ಇಟ್ಟುಕೊಂಡು ಮೀನಿನ ಶಾಸ್ತ್ರ ಹೇಳಿದರೆ ಯಾರು ಕೇಳುತ್ತಾರೆ?

ಅದೇ ಕಾರಣಕ್ಕೆ ಸೊಳ್ಳೆಮರಿಯನ್ನು ಬೇಕೆಂದೇ ಬೆಳೆಸುವುದನ್ನು ನಾನು ಈ ಹೋಲಿಕೆಗೆ ಸೇರಿಸಿಲ್ಲ. ಟ್ಯೂಬಿಫೆಕ್ಸ್ ಚರಂಡಿಯ ಹುಳ. ರೋಗ ತರುತ್ತದೆ, ಹೊಸ ಮರಿಗೆ ದೊಡ್ಡದೂ ಆಯಿತು. ರೋಟಿಫರ್ ಒಳ್ಳೆಯದೇ, ಆದರೆ ಅದು ಕಡಲ ಮೀನಿನ ಮರಿ ಮಾಡಿಸುವವರ ವಿದ್ಯೆ. ನಮ್ಮ ಹಸಿರು ನೀರಿನಲ್ಲಿ ತಾನಾಗಿ ಬಂದರೆ ಬರಲಿ.

ಹಾಗಾದರೆ ಯಾವುದು?

ಗಪ್ಪಿ, ಮೋಲಿ ಸಾಕುವವರು ಒಂದು ಟಬ್ಬು ಮೊಯಿನಾ ಇಟ್ಟು ನೆಮ್ಮದಿಯಿಂದಿರಿ. ಬೇರೆ ಯಾವುದೂ ಬೇಡ. ಏಂಜೆಲ್ ಮತ್ತು ಗೋಲ್ಡ್ ಫಿಶ್ಶಿನವರು ಆರ್ಟೀಮಿಯಾ ಕಲಿಯಲೇಬೇಕು. ಏಂಜೆಲಿಗೆ ನಮ್ಮ ಮೆದು ನೀರು ಹೇಳಿ ಮಾಡಿಸಿದ ಹಾಗೆ, ಮರಿ ಮಾಡಿಸುವುದು ಕಷ್ಟವಲ್ಲ, ಸಾಕುವುದರಲ್ಲಿಯೇ ಇರುವುದು. ಹೊಳೆಬಾಯಿಯ ಆರೆಂಜ್ ಕ್ರೋಮೈಡ್ ಮೀನು ಸಾಕುವವರೂ ಆರ್ಟೀಮಿಯಾ ಹಿಡಿಯಿರಿ. ಸವಳು ನೀರಿನ ತೊಟ್ಟಿಯಲ್ಲಿ ಅದು ಬೇಗ ಸಾಯುವುದೂ ಇಲ್ಲ. ಆ ಮೀನಿನ ಮರಿಗಳು ತಂದೆತಾಯಿಯ ಮೈಯ ಲೋಳೆಯನ್ನೂ ಚೂರು ಚೂರು ಮೇಯುತ್ತವೆ, ಅವಸರದಿಂದ ಬೇರೆ ಮಾಡಬೇಡಿ.

ಫೈಟರಿಗೆ ನಾನು ಮಾಡುವುದು ಹೀಗೆ: ಮೊದಲ ನಾಲ್ಕೈದು ದಿನ ವಿನೆಗರ್ ಈಲ್, ಜೊತೆಗೆ ತೊಟ್ಟಿಯಲ್ಲಿ ಬಾದಾಮಿ ಎಲೆ. ಐದನೇ ದಿನದಿಂದ ಸ್ವಲ್ಪ ಆರ್ಟೀಮಿಯಾ ಬೆರೆಸುತ್ತೇನೆ. ಕಿತ್ತಳೆ ಹೊಟ್ಟೆ ಎಲ್ಲ ಮರಿಯಲ್ಲಿ ಕಂಡ ದಿನ ಈಲ್ ನಿಲ್ಲಿಸುತ್ತೇನೆ. ಎರಡು ವಾರದ ಮೇಲೆ ಮೊಯಿನಾ. ತೊಟ್ಟಿಗೆ ಮುಚ್ಚಳ ಇರಲಿ. ಮೂರನೇ ವಾರದ ಹೊತ್ತಿಗೆ ಮರಿಗಳು ಮೇಲಿನ ಗಾಳಿ ಕುಡಿಯಲು ಕಲಿಯುತ್ತವೆ, ಆ ಗಾಳಿ ಬೆಚ್ಚಗಿರಬೇಕು. ಗೌರಾಮಿಗೂ ಇದೇ ಕ್ರಮ, ಆದರೆ ಇನ್ಫ್ಯೂಸೋರಿಯಾ ಇಲ್ಲದೆ ಕೈ ಹಾಕಬೇಡಿ, ಮೊದಲ ವಾರ ಪೂರ್ತಿ ಅದೇ.

ಜೂನಿನಿಂದ ಆಗಸ್ಟಿನವರೆಗೆ ಲೆಕ್ಕ ಬೇರೆ. ಬಿಸಿಲಿಲ್ಲ, ಹಸಿರು ನೀರು ಆಗುವುದಿಲ್ಲ. ಕರೆಂಟಿಲ್ಲ, ಆರ್ಟೀಮಿಯಾ ಇಲ್ಲ. ತೋಟಕ್ಕೆ ಮದ್ದು ಬೇರೆ. ಆಗ ಮೈಕ್ರೋವರ್ಮ್ ಮತ್ತು ವಿನೆಗರ್ ಈಲ್ ಎರಡೇ ಗತಿ. ತಂಪಿಗೆ ಮೈಕ್ರೋವರ್ಮ್ ಚೆನ್ನಾಗಿ ಬಾಳುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಇದರ ಉಲ್ಟಾ: ಮೈಕ್ರೋವರ್ಮಿಗೆ ರಜೆ, ಮೊಯಿನಾ ಆರ್ಟೀಮಿಯಾ ಭರದಲ್ಲಿ. ಶುರು ಮಾಡುವವರು ಮರಿ ಮಾಡಿಸಲು ಅಕ್ಟೋಬರ್ ಆರಿಸಿಕೊಳ್ಳಿ, ಆಗ ಐದೂ ನಡೆಯುತ್ತವೆ.

ಹುಡುಗನ ಮರಿಗಳಲ್ಲಿ ನಲವತ್ತರಷ್ಟು ಉಳಿದವು. ಮೊನ್ನೆ ಬಂದಿದ್ದ, ಖಾಲಿ ಬಾಟಲಿ ವಾಪಸು ಕೊಡಲು ಅಂತ. ಬಾಟಲಿ ಖಾಲಿ ಇರಲಿಲ್ಲ. ತಾನೇ ಬೆಳೆಸಿದ ಈಲ್ ತುಂಬಿಸಿ ತಂದಿದ್ದ. "ಮಾವ, ಮೋಲಿಗೆ ಬದಲು ಗೌರಾಮಿ ತರುವುದಾ?" ಅಂತ ಕೇಳಿದ. ಇನ್ಫ್ಯೂಸೋರಿಯಾಕ್ಕೆ ಬಾಳೆಹಣ್ಣಿನ ಸಿಪ್ಪೆ ಇಟ್ಟು ಎಷ್ಟು ದಿನವಾಯಿತು ಅಂತ ಕೇಳಿದೆ. "ನಿನ್ನೆ ಇಟ್ಟೆ" ಅಂದ.

"ಹಾಗಾದರೆ ಮುಂದಿನ ವಾರ ತಾ."